ರಾತ್ರಿ ಬೆರಳಿಗೆ ಜೋಮು ಹಿಡಿಯುತ್ತಿದೆಯಾ? ಕಾರ್ಪಲ್ ಟನಲ್ ಸಂಶೋಧನೆಯನ್ನು ನಿಮ್ಮ ಕೈಗೆ ಬಳಸಿಕೊಳ್ಳುವ ದಾರಿ

ನಡುರಾತ್ರಿ ಎಚ್ಚರವಾಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು ಹಿಡಿದಿರುತ್ತದೆ. ಎದ್ದು ಕೂತು ಕೈ ಕೊಡವಿದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಬೆಳಗ್ಗೆ ಎದ್ದಾಗ ಅದು ಮರೆತೇ ಹೋಗಿರುತ್ತದೆ. ಹೀಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ನಡೆಯುತ್ತದೆ. ಆಮೇಲೊಂದು ದಿನ ಅಂಗಿಯ ಗುಂಡಿ ಹಾಕಲು ಕಷ್ಟವಾಗುತ್ತದೆ, ಹಿಡಿದ ಲೋಟ ಕೈಜಾರುತ್ತದೆ. ಅಷ್ಟು ಹೊತ್ತಿಗೆ ಮಣಿಕಟ್ಟಿನ ನರ ಸಾಕಷ್ಟು ಪೆಟ್ಟು ತಿಂದಿರುತ್ತದೆ.

ಇದೇ ಕಾರ್ಪಲ್ ಟನಲ್ ಸಿಂಡ್ರೋಮ್. ನರ ಸಿಕ್ಕಿಹಾಕಿಕೊಂಡು ಬರುವ ತೊಂದರೆಗಳಲ್ಲಿ ಇದೇ ಎಲ್ಲಕ್ಕಿಂತ ಸಾಮಾನ್ಯ. ಇದಕ್ಕೆ ಯಾವಾಗ ಏನು ಮಾಡಬೇಕು ಅನ್ನುವುದು ಬಹುಮಟ್ಟಿಗೆ ಗೊತ್ತಿದೆ. ಒಳ್ಳೆಯ ಪ್ರಯೋಗಗಳು ನಡೆದಿವೆ, ಅಂಕಿ ಅಂಶ ಇದೆ. ಆದರೂ ಜನ ತಪ್ಪು ಕಾರಣ ಹುಡುಕುತ್ತಾ, ಕೆಲಸಕ್ಕೆ ಬಾರದ ಮಾತ್ರೆ ನುಂಗುತ್ತಾ ಸಮಯ ಕಳೆಯುತ್ತಾರೆ. ಈ ಕಾಯಿಲೆಯಲ್ಲಿ ಸಮಯವೇ ದೊಡ್ಡ ವಿಷಯ. ಒತ್ತಡ ಬೇಗ ಇಳಿದರೆ ನರ ಪೂರ್ತಿ ಚೇತರಿಸಿಕೊಳ್ಳುತ್ತದೆ. ತಡವಾದರೆ ಒಂದಿಷ್ಟು ನಷ್ಟ ಹಾಗೇ ಉಳಿದುಬಿಡಬಹುದು. ಅದಕ್ಕೇ ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಕಾಯಬಹುದು, ಎಲ್ಲಿ ಕಾಯಲೇಬಾರದು ಅನ್ನುವುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಡಾಕ್ಟರ್ ಬಳಿ ಹೋಗುವ ಮುಂಚೆ ಓದಿಕೊಳ್ಳಿ, ಅಲ್ಲಿ ಸರಿಯಾದ ಪ್ರಶ್ನೆ ಕೇಳಲು ಸಹಾಯವಾಗುತ್ತದೆ.

ಹಂತ 1: ಯಾವ ಬೆರಳು ಅಂತ ಕಾಗದದ ಮೇಲೆ ಗುರುತು ಹಾಕಿ

ಒಂದು ಹಾಳೆಯ ಮೇಲೆ ಕೈ ಇಟ್ಟು ಸುತ್ತ ಗೆರೆ ಎಳೆಯಿರಿ. ಅಂಗೈಗೆ ಒಂದು ಚಿತ್ರ, ಕೈಯ ಹಿಂಬದಿಗೆ ಇನ್ನೊಂದು. ಜೋಮು ಎಲ್ಲಿ, ನೋವು ಎಲ್ಲಿ, ಚುರುಚುರು ಎಲ್ಲಿ ಅಂತ ಬೇರೆ ಬೇರೆ ಬಣ್ಣದಲ್ಲಿ ತುಂಬಿ. ಮಕ್ಕಳ ಆಟದ ಹಾಗೆ ಕಂಡರೂ ಇದು ಸಂಶೋಧಕರೇ ಬಳಸುವ ವಿಧಾನ. 1990ರಿಂದೀಚೆಗೆ ಇಂಥ ಕೈಚಿತ್ರಗಳು ಕಾರ್ಪಲ್ ಟನಲ್ ಅಧ್ಯಯನಗಳಲ್ಲಿ ರೋಗ ಗುರುತಿಸುವ ಸಾಧನವಾಗಿ ಬಳಕೆಯಲ್ಲಿವೆ.

ಚಿತ್ರ ಯಾಕೆ ಇಷ್ಟು ಮುಖ್ಯ ಅಂತ ತಿಳಿಯಲು ಮಣಿಕಟ್ಟಿನ ಒಳಗೆ ಒಮ್ಮೆ ನೋಡಬೇಕು. ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಅವು ಸೇರಿ ಒಂದು ತೊಟ್ಟಿಯಂಥ ಆಕಾರ ಆಗುತ್ತದೆ. ಅದರ ಮೇಲೆ ಅಂಗೈ ಕಡೆಯಿಂದ ದಪ್ಪನೆಯ ಕಟ್ಟು ಒಂದು ಮುಚ್ಚಳ ಹಾಕಿದಂತೆ ಕೂತಿದೆ. ಈ ಸುರಂಗದೊಳಗೆ ಬೆರಳು ಮಡಿಸುವ 9 ಸ್ನಾಯುರಜ್ಜುಗಳು ಹಾದುಹೋಗುತ್ತವೆ. ಅವುಗಳ ಜೊತೆ ಮೀಡಿಯನ್ ನರವೂ ಇದೆ. ಮೂಳೆ ಹಿಗ್ಗುವುದಿಲ್ಲ, ಕಟ್ಟು ಹಿಗ್ಗುವುದೂ ಕಡಿಮೆ. ಒಳಗೆ ಏನೇ ಊದಿದರೂ ಏಟು ಬೀಳುವುದು ಅಲ್ಲಿ ಎಲ್ಲಕ್ಕಿಂತ ಮೃದುವಾಗಿರುವ ನರಕ್ಕೆ.

ಮೀಡಿಯನ್ ನರ ಸ್ಪರ್ಶ ಕೊಡುವುದು ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧಕ್ಕೆ ಮಾತ್ರ. ಉಂಗುರ ಬೆರಳಿನಲ್ಲಿ ನಡುಬೆರಳಿನ ಕಡೆಯ ಅರ್ಧಕ್ಕೆ ಜೋಮು, ಕಿರುಬೆರಳಿನ ಕಡೆಯ ಅರ್ಧ ಸರಿ ಅಂತಿದ್ದರೆ ಅದು ಬಹಳ ಬಲವಾದ ಸುಳಿವು. ಬೇರೆ ಕಾಯಿಲೆಗಳು ಒಂದು ಬೆರಳನ್ನು ಹೀಗೆ ನಟ್ಟನಡುವೆ ಸೀಳಿದಂತೆ ತೋರಿಸುವುದು ಅಪರೂಪ. ಇನ್ನೊಂದು ಸೂಕ್ಷ್ಮ ಇದೆ. ಅಂಗೈ ಚರ್ಮಕ್ಕೆ ಹೋಗುವ ಕವಲು ಸುರಂಗಕ್ಕೆ ಮುಂಚೆಯೇ ಬೇರೆಯಾಗಿ ಕಟ್ಟಿನ ಮೇಲಿನಿಂದ ಹೋಗುತ್ತದೆ. ಹಾಗಾಗಿ ಬೆರಳು ಮರಗಟ್ಟಿದ್ದರೂ ಅಂಗೈ ನಡುವಿನ ಸ್ಪರ್ಶ ಸಾಮಾನ್ಯವಾಗಿ ಸರಿ ಇರುತ್ತದೆ.

ಕಿರುಬೆರಳಿಗಷ್ಟೇ ಜೋಮು ಅಂದರೆ ಅದು ಬೇರೆ ನರದ ವಿಷಯ, ಮೊಣಕೈ ಕಡೆ ನೋಡಬೇಕು. ಕತ್ತು ತಿರುಗಿಸಿದಾಗ ಭುಜದಿಂದ ಕೈಗೆ ಶಾಕ್ ಹೊಡೆದ ಹಾಗಾದರೆ ಕತ್ತಿನ ನರ ಇರಬಹುದು. ಎರಡು ಕೈ, ಎರಡು ಪಾದ ಎಲ್ಲಾ ಒಟ್ಟಿಗೆ ಜೋಮು ಹಿಡಿಯುತ್ತಿದ್ದರೆ ಸಕ್ಕರೆ ಕಾಯಿಲೆ, ಬಿ12 ಕೊರತೆ ಇಂಥವುಗಳ ಕಡೆ ಗಮನ ಹೋಗಬೇಕು.

ಹಂತ 2: ಒಂದು ನಿಮಿಷದ ಪರೀಕ್ಷೆ

ಎರಡೂ ಕೈಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಬೆರಳು ಕೆಳಮುಖವಾಗಿ, ಮಣಿಕಟ್ಟು ಪೂರ್ತಿ ಮಡಚಿ 60 ಸೆಕೆಂಡ್ ಹಿಡಿಯಿರಿ. ಜೋರಾಗಿ ಒತ್ತಬೇಡಿ, ಸುಮ್ನೆ ಮಡಚಿದರೆ ಸಾಕು. ಅದೇ ಮೂರೂವರೆ ಬೆರಳಿಗೆ ಜೋಮು ಬಂದರೆ ಅದನ್ನು ಫೇಲನ್ ಪರೀಕ್ಷೆ ಪಾಸಿಟಿವ್ ಅನ್ನುತ್ತಾರೆ. ಅಮೆರಿಕದ ಸರ್ಜನ್ ಜಾರ್ಜ್ ಫೇಲನ್ 1950ರ ದಶಕದಲ್ಲಿ ಇದನ್ನು ಬಳಕೆಗೆ ತಂದರು. ಡರ್ಕನ್ ಪರೀಕ್ಷೆ ಅಂತ ಇನ್ನೊಂದಿದೆ. ಅಂಗೈ ಶುರುವಾಗುವ ಜಾಗವನ್ನು ಇನ್ನೊಂದು ಕೈಯ ಹೆಬ್ಬೆರಳಿನಿಂದ 30 ಸೆಕೆಂಡ್ ಒತ್ತಿ ಹಿಡಿದು ಜೋಮು ಬರುತ್ತದಾ ನೋಡುವುದು.

ಮಡಚಿದರೆ ಯಾಕೆ ಜೋಮು ಬರುತ್ತದೆ? ಇದಕ್ಕೆ ಉತ್ತರ ಸಿಕ್ಕಿದ್ದು 1981ರಲ್ಲಿ. ರಿಚರ್ಡ್ ಗೆಲ್ಬರ್ಮನ್ ಮತ್ತು ಅವರ ಜೊತೆಗಾರರು ಮಣಿಕಟ್ಟಿನ ಸುರಂಗದೊಳಗೆ ತೆಳು ಕೊಳವೆ ಇಟ್ಟು ಒತ್ತಡವನ್ನೇ ಅಳೆದರು. ಬಿಪಿ ಅಳೆಯುವ ಅದೇ ಪಾದರಸದ ಮಿಲಿಮೀಟರ್ ಲೆಕ್ಕ. ಮಣಿಕಟ್ಟು ನೇರವಾಗಿದ್ದಾಗ ಆರೋಗ್ಯವಂತರಲ್ಲಿ ಒತ್ತಡ ಸರಾಸರಿ 2.5 ಇತ್ತು. ಕಾರ್ಪಲ್ ಟನಲ್ ಇದ್ದವರಲ್ಲಿ 32. ಕೈಯನ್ನು ಮುಂದಕ್ಕೆ ಮಡಚಿದಾಗ ರೋಗಿಗಳಲ್ಲಿ ಅದು 94ಕ್ಕೆ ಏರಿತು, ಹಿಂದಕ್ಕೆ ಬಗ್ಗಿಸಿದಾಗ 110ಕ್ಕೆ. ಮರು ವರ್ಷ ಆರೋಗ್ಯವಂತ ಸ್ವಯಂಸೇವಕರ ಮಣಿಕಟ್ಟಿನ ಮೇಲೆ ಬೇಕಂತಲೇ ಒತ್ತಡ ಹಾಕಿ ನೋಡಿದರು. 30ರ ಹೊತ್ತಿಗೆ ಸಣ್ಣಗೆ ಜೋಮು ಶುರುವಾಯಿತು. 60, 90ಕ್ಕೆ ಹೋದಾಗ ನರದಲ್ಲಿ ಸ್ಪರ್ಶದ ಸಂಕೇತ ಬೇಗ ನಿಂತೇ ಹೋಯಿತು.

ಈ ಅಂಕಿಗಳನ್ನು ನೆನಪಿಟ್ಟುಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ. ಮುಂದೆ ಬರುವ ಅರ್ಧಕ್ಕರ್ಧ ಸಲಹೆ ಇವುಗಳಿಂದಲೇ ಹುಟ್ಟಿದ್ದು. ನಾವು ಮಲಗುವಾಗ ಗೊತ್ತಿಲ್ಲದೆ ಕೈಯನ್ನು ಗಲ್ಲದ ಕೆಳಗೆ, ದಿಂಬಿನ ಕೆಳಗೆ ಮಡಚಿಟ್ಟುಕೊಳ್ಳುತ್ತೇವೆ ಅಲ್ವಾ? ರಾತ್ರಿಯೇ ಜೋಮು ಜಾಸ್ತಿ ಆಗಲು ಅದು ಒಂದು ಮುಖ್ಯ ಕಾರಣ.

ಈಗ ಹೆಬ್ಬೆರಳಿನ ಬುಡದ ಮಾಂಸದ ದಿಂಬನ್ನು ನೋಡಿ. ಎರಡೂ ಕೈಗಳನ್ನು ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟು ಪಕ್ಕದಿಂದ ನೋಡಬೇಕು, ನೇರ ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ. ಒಂದು ಕಡೆ ಉಬ್ಬಿದ್ದು, ಇನ್ನೊಂದು ಕಡೆ ಚಪ್ಪಟೆಯಾಗಿದೆಯಾ? ಆಮೇಲೆ ಅಂಗೈ ಮೇಲ್ಮುಖ ಮಾಡಿ ಮೇಜಿನ ಮೇಲಿಟ್ಟು, ಹೆಬ್ಬೆರಳನ್ನು ನೇರ ಮೇಲಕ್ಕೆ ಎತ್ತಿ. ಯಾರಾದರೂ ಅದನ್ನು ಕೆಳಗೆ ತಳ್ಳಲಿ. ತಡೆಯಲು ಆಗದೆ ಸುಲಭವಾಗಿ ಬಿದ್ದುಹೋದರೆ, ಅಥವಾ ಆ ದಿಂಬು ಇಳಿದುಹೋಗಿದ್ದರೆ, ಮಧ್ಯದ ಹಂತಗಳಲ್ಲಿ ಕಾಲ ಕಳೆಯಬೇಡಿ. ನೇರ ಕೈಯ ಸರ್ಜನ್ ಅಥವಾ ನರರೋಗ ತಜ್ಞರ ಬಳಿ ಹೋಗಿ. ಇಡೀ ದಿನ ಜೋಮು ಬಿಡದೇ ಇದ್ದರೂ ಅಷ್ಟೇ.

ಬಿದ್ದು ಮಣಿಕಟ್ಟು ಮುರಿದ ಮೇಲೆ ಅಥವಾ ಪೆಟ್ಟಾದ ಮೇಲೆ ಗಂಟೆಗಟ್ಟಲೆ ಏರುತ್ತಾ ಹೋಗುವ ಜೋಮು, ಜೊತೆಗೆ ತೀವ್ರ ನೋವು ಇದ್ದರೆ ಅದು ತುರ್ತು ಚಿಕಿತ್ಸೆಯ ವಿಷಯ. ಬೆಳಗಾಗಲಿ ಅಂತ ಕಾಯಬಾರದು.

ಹಂತ 3: ಕಾರಣ ಹುಡುಕುವಾಗ ಕೀಬೋರ್ಡ್‌ನಿಂದ ಶುರು ಮಾಡಬೇಡಿ

ಕಂಪ್ಯೂಟರ್ ಬಂದ ಮೇಲೆ ಬಂದ ಕಾಯಿಲೆ ಇದು ಅನ್ನುವ ನಂಬಿಕೆ ತುಂಬಾ ಗಟ್ಟಿಯಾಗಿದೆ. ಆದರೆ ಇಂಗ್ಲೆಂಡಿನ ಜೇಮ್ಸ್ ಪ್ಯಾಜೆಟ್ ಮಣಿಕಟ್ಟು ಮುರಿದ ರೋಗಿಯಲ್ಲಿ ಮೀಡಿಯನ್ ನರ ಒತ್ತಿಹೋದದ್ದನ್ನು ಬರೆದದ್ದು 1854ರಲ್ಲಿ. 1913ರಲ್ಲಿ ಪ್ಯಾರಿಸ್‌ನಲ್ಲಿ ಪಿಯರ್ ಮಾರಿ ಮತ್ತು ಚಾರ್ಲ್ಸ್ ಫ್ವಾ ಒಂದು ಶವಪರೀಕ್ಷೆಯಲ್ಲಿ ಮೀಡಿಯನ್ ನರ ಆ ಕಟ್ಟಿನ ಬಳಿ ಊದಿ, ಕಟ್ಟಿನ ಕೆಳಗೆ ಸೊರಗಿರುವುದನ್ನು ಕಂಡರು. ಬೇಗ ಗುರುತಿಸಿ ಕಟ್ಟನ್ನು ಕತ್ತರಿಸಿದರೆ ಸ್ನಾಯು ಉಳಿಸಬಹುದೇನೋ ಅಂತ ಆಗಲೇ ಸೂಚಿಸಿದ್ದರು.

ಕೀಬೋರ್ಡ್ ವಿಷಯವನ್ನು ನೇರವಾಗಿ ಪರೀಕ್ಷಿಸಿದ್ದೂ ಇದೆ. ಅಮೆರಿಕದ ಮೇಯೊ ಕ್ಲಿನಿಕ್ 2001ರಲ್ಲಿ ತನ್ನಲ್ಲೇ ಕಂಪ್ಯೂಟರ್ ಬಹಳ ಬಳಸುವ ಉದ್ಯೋಗಿಗಳನ್ನು ಅಧ್ಯಯನ ಮಾಡಿತು. ಜೋಮು ಇದೆ ಎಂದವರು ಸಾಕಷ್ಟಿದ್ದರು. ನರದ ಪರೀಕ್ಷೆಯಲ್ಲೂ ಖಚಿತವಾದವರು ಸುಮಾರು ಶೇಕಡಾ 3.5 ಮಾತ್ರ, ಅಂದರೆ ಹೆಚ್ಚು ಕಡಿಮೆ ಉಳಿದ ಜನರಲ್ಲಿ ಇರುವಷ್ಟೇ. 2003ರಲ್ಲಿ ಡೆನ್ಮಾರ್ಕ್‌ನ ದೊಡ್ಡ ಅಧ್ಯಯನವೊಂದು ಕೀಬೋರ್ಡ್‌ಗೂ ಇದಕ್ಕೂ ಸಂಬಂಧ ಕಾಣಲಿಲ್ಲ ಎಂದಿತು. ವಾರಕ್ಕೆ 20 ಗಂಟೆಗಿಂತ ಜಾಸ್ತಿ ಮೌಸ್ ಹಿಡಿಯುವವರಲ್ಲಿ ಮಾತ್ರ ಜೋಮಿನ ದೂರು ಸ್ವಲ್ಪ ಹೆಚ್ಚಿತ್ತು. ಮೌಸ್ ಹಿಡಿದಾಗ ಮಣಿಕಟ್ಟು ಹಿಂದಕ್ಕೆ ಬಗ್ಗಿರುತ್ತದೆ. ಅದನ್ನು ನೇರ ಮಾಡಿಕೊಂಡರೆ ನಷ್ಟವೇನಿಲ್ಲ, ಮಾಡಿಕೊಳ್ಳಿ. ದುಬಾರಿ ಕೀಬೋರ್ಡ್ ಕೊಂಡು ಗೆದ್ದೆ ಅಂದುಕೊಳ್ಳಬೇಡಿ.

ಕೆಲಸದ ಪಾತ್ರ ಇಲ್ಲವೇ ಇಲ್ಲ ಅಂತಲ್ಲ. ಬಿಗಿಯಾಗಿ ಹಿಡಿದು, ಬಲ ಹಾಕಿ, ಅದನ್ನೇ ಮತ್ತೆ ಮತ್ತೆ ಮಾಡುವ ಕೆಲಸ, ಅದರ ಜೊತೆ ಅದುರುವ ಯಂತ್ರ ಇದ್ದರೆ ಅಪಾಯ ನಿಜವಾಗಿಯೂ ಏರುತ್ತದೆ. ಮಾಂಸ ಸಂಸ್ಕರಣೆ, ಜೋಡಣೆ ಕೆಲಸ, ಡ್ರಿಲ್ ಹಿಡಿಯುವ ಕೆಲಸಗಳಲ್ಲಿ ಇದು ಪದೇ ಪದೇ ಕಂಡುಬಂದಿದೆ. ಇಂಥ ಕೆಲಸ ಮಾಡುವವರ ದೂರನ್ನು ತಳ್ಳಿಹಾಕುವುದು ಅನ್ಯಾಯ.

ಹುಟ್ಟಿನಿಂದ ಬರುವ ಪಾಲು ಮಾತ್ರ ಜನ ಊಹಿಸುವುದಕ್ಕಿಂತ ಜಾಸ್ತಿ. 2002ರಲ್ಲಿ ಬ್ರಿಟನ್ನಿನ ಅವಳಿ ಮಹಿಳೆಯರ ಅಧ್ಯಯನದಲ್ಲಿ, ಯಾರಿಗೆ ಬರುತ್ತದೆ ಅನ್ನುವ ವ್ಯತ್ಯಾಸದಲ್ಲಿ ಶೇಕಡಾ 46ರವರೆಗೆ ಅನುವಂಶಿಕ ಅಂತ ಲೆಕ್ಕ ಸಿಕ್ಕಿತು. 2019ರಲ್ಲಿ ಬ್ರಿಟನ್ನಿನ ದೊಡ್ಡ ಆರೋಗ್ಯ ಮತ್ತು ಜೀನ್ ಮಾಹಿತಿ ಸಂಗ್ರಹವಾದ ಯುಕೆ ಬಯೋಬ್ಯಾಂಕ್‌ನ ಮಾಹಿತಿಯಲ್ಲಿ ಈ ಕಾಯಿಲೆಗೆ ನಂಟಿರುವ 16 ಜಾಗಗಳನ್ನು ಜೀನೋಮ್‌ನಲ್ಲಿ ಗುರುತಿಸಿದರು. ಅಮ್ಮನಿಗೋ ಅಕ್ಕನಿಗೋ ಇದ್ದರೆ ಡಾಕ್ಟರಿಗೆ ಹೇಳಲು ಮರೆಯಬೇಡಿ.

ನೀವೇ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಬೇಕಾದವು ಬೇರೆ: ರಕ್ತದ ಸಕ್ಕರೆ ಮತ್ತು ಥೈರಾಯ್ಡ್. ಕೀಲು ಊದಿ ಬೆಳಗ್ಗೆ ಬಿಗಿಯಾಗುತ್ತಿದ್ದರೆ ರುಮಟಾಯ್ಡ್ ಸಂಧಿವಾತ ಇದೆಯಾ ಅಂತಲೂ ನೋಡಿಸಬೇಕು. ತೂಕ ಜಾಸ್ತಿ ಇದ್ದರೆ ಅಪಾಯ ಜಾಸ್ತಿ. ಗಂಡಸರಿಗಿಂತ ಹೆಂಗಸರಿಗೆ ಇದು ಹೆಚ್ಚು. ಗರ್ಭಿಣಿಯರಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಮೈಯಲ್ಲಿ ನೀರು ತುಂಬಿ ಬರುವ ಜೋಮು ಬಹುಪಾಲು ಹೆರಿಗೆಯಾದ ಮೇಲೆ ಇಳಿಯುತ್ತದೆ. ಅವರಿಗೆ ಸಾಮಾನ್ಯವಾಗಿ ಸ್ಪ್ಲಿಂಟ್ (ಮಣಿಕಟ್ಟು ಮಡಚದಂತೆ ಹಿಡಿದಿಡುವ ಪಟ್ಟಿ) ಸಾಕು.

ಇನ್ನೊಂದು ಮಾತು, ಇದು ಇನ್ನೂ ಸಾಕಷ್ಟು ಜನರಿಗೆ ತಲುಪಿಲ್ಲ. ವಯಸ್ಸಾದವರಲ್ಲಿ ಎರಡೂ ಕೈಗೆ ಕಾರ್ಪಲ್ ಟನಲ್ ಬಂದರೆ ಕೆಲವೊಮ್ಮೆ ಅದರ ಹಿಂದೆ ಅಮೈಲಾಯ್ಡ್ ಅನ್ನುವ ಪ್ರೋಟೀನ್ ಶೇಖರಣೆ ಇರುತ್ತದೆ. ಅದೇ ಪ್ರೋಟೀನ್ ವರ್ಷಗಳ ನಂತರ ಹೃದಯದಲ್ಲಿ ತುಂಬಿ ಹೃದಯವೈಫಲ್ಯ ತರಬಹುದು. 2018ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಮಣಿಕಟ್ಟಿನ ಆಪರೇಷನ್ ವೇಳೆ 98 ಜನರಿಂದ ಸಣ್ಣ ತುಣುಕು ತೆಗೆದು ಪರೀಕ್ಷಿಸಿದಾಗ 10 ಜನರಲ್ಲಿ ಅಮೈಲಾಯ್ಡ್ ಸಿಕ್ಕಿತು. ಈ ಅಧ್ಯಯನಕ್ಕೆ 50 ದಾಟಿದ ಗಂಡಸರು, 60 ದಾಟಿದ ಹೆಂಗಸರನ್ನು ಮಾತ್ರ ಆರಿಸಿಕೊಂಡಿದ್ದರು. ಈಗ ಇದಕ್ಕೆ ಔಷಧಿ ಇದೆ, ಬೇಗ ಗೊತ್ತಾದಷ್ಟೂ ಒಳ್ಳೆಯದು. ಮನೆಯ ಹಿರಿಯರಿಗೆ ಎರಡೂ ಕೈಗೆ ಜೋಮು, ಜೊತೆಗೆ ಏದುಸಿರು ಅಥವಾ ಕಾಲು ಊತ ಇದ್ದರೆ ಈ ವಿಷಯವನ್ನು ಡಾಕ್ಟರ್ ಮುಂದೆ ಎತ್ತಿ.

ಸುರಂಗದೊಳಗೆ ಏನಾಗಿದೆ ಅನ್ನುವ ತಿಳಿವಳಿಕೆಯೂ ಬದಲಾಗಿದೆ. ಹಿಂದೆ ಇದನ್ನು ಸ್ನಾಯುರಜ್ಜುಗಳ ಉರಿಯೂತ ಅನ್ನುತ್ತಿದ್ದರು. ಆಪರೇಷನ್‌ನಲ್ಲಿ ತೆಗೆದ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಉರಿಯೂತದ ಕೋಶಗಳು ಬಹಳ ಕಡಿಮೆ. ಕಾಣುವುದು ರಜ್ಜುಗಳ ಸುತ್ತಲಿನ ತೆಳು ಪದರ ದಪ್ಪಗಾಗಿ, ಗಾಯದ ಕಲೆಯ ಹಾಗೆ ಗಡುಸಾಗಿರುವುದು. ನೋವಿನ ಮಾತ್ರೆ ಇಲ್ಲಿ ಯಾಕೆ ಕೆಲಸ ಮಾಡುವುದಿಲ್ಲ ಅನ್ನುವುದು ಇದರಿಂದ ಅರ್ಥವಾಗುತ್ತದೆ.

ಹಂತ 4: ಟೆಸ್ಟ್ ರಿಪೋರ್ಟ್ ಒಂದನ್ನೇ ನಂಬಬೇಡಿ

ನರದಲ್ಲಿ ವಿದ್ಯುತ್ ಸಂಕೇತ ಎಷ್ಟು ವೇಗವಾಗಿ ಹೋಗುತ್ತದೆ ಅಂತ ಅಳೆಯುವುದು ನರ್ವ್ ಕಂಡಕ್ಷನ್ ಟೆಸ್ಟ್. ಸ್ವಲ್ಪ ಚುರ್ ಅನ್ನಿಸುತ್ತದೆ, ತಡೆಯಬಹುದಾದಷ್ಟೇ. ಅಲ್ಟ್ರಾಸೌಂಡ್‌ನಲ್ಲಿ ನರ ಊದಿದೆಯಾ ಅಂತ ನೋಡುತ್ತಾರೆ. ಎರಡೂ ಉಪಯುಕ್ತ. ಆದರೆ ಸ್ವೀಡನ್ನಿನಲ್ಲಿ 1999ರಲ್ಲಿ ಪ್ರಕಟವಾದ ಸಮೀಕ್ಷೆ ಒಂದು ಎಚ್ಚರಿಕೆ ಕೊಡುತ್ತದೆ. 2,466 ಜನರಲ್ಲಿ ಶೇಕಡಾ 14.4 ಮಂದಿ ಜೋಮು ಅಥವಾ ನೋವು ಇದೆ ಎಂದರು. ಪರೀಕ್ಷೆ ಮತ್ತು ಲಕ್ಷಣ ಎರಡೂ ಹೊಂದಿ ಕಾರ್ಪಲ್ ಟನಲ್ ಖಚಿತವಾದದ್ದು ಶೇಕಡಾ 2.7 ಮಂದಿಗೆ. ಇನ್ನೊಂದು ಕಡೆ, ಯಾವ ತೊಂದರೆಯೂ ಇಲ್ಲದ 125 ಜನರನ್ನು ಪರೀಕ್ಷಿಸಿದಾಗ 23 ಜನರ ನರದ ಟೆಸ್ಟ್ ಕೆಟ್ಟದಾಗಿ ಬಂತು! ಜೋಮು ಇದ್ದವರಿಗೆಲ್ಲಾ ಕಾರ್ಪಲ್ ಟನಲ್ ಇರುವುದಿಲ್ಲ, ಟೆಸ್ಟ್ ಕೆಟ್ಟವರಿಗೆಲ್ಲಾ ಚಿಕಿತ್ಸೆ ಬೇಕಿಲ್ಲ.

ಆದ್ದರಿಂದ ಹಂತ 1ರ ಚಿತ್ರವನ್ನು ಜೊತೆಗೆ ಒಯ್ಯಿರಿ. ಲಕ್ಷಣ ಸ್ಪಷ್ಟವಾಗಿದ್ದರೆ ಯಂತ್ರದ ಟೆಸ್ಟ್ ಇಲ್ಲದೆಯೂ ರೋಗ ನಿರ್ಧರಿಸಬಹುದು ಅಂತ ಅನೇಕ ತಜ್ಞರು ಒಪ್ಪುತ್ತಾರೆ. ಅನುಮಾನ ಇದ್ದಾಗ, ಕತ್ತಿನ ನರವೋ ಮಣಿಕಟ್ಟಿನ ನರವೋ ಗೊತ್ತಾಗದಾಗ, ತೀವ್ರತೆ ಎಷ್ಟು ಅಂತ ತಿಳಿಯಬೇಕಾದಾಗ ಟೆಸ್ಟ್ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಇವತ್ತಿನಿಂದಲೇ ಒಂದು ಲೆಕ್ಕ ಇಡಿ. ಬಾಸ್ಟನ್ ಪ್ರಶ್ನಾವಳಿ ಅಂತ 1993ರಿಂದ ಬಳಕೆಯಲ್ಲಿದೆ. ಲಕ್ಷಣದ ಬಗ್ಗೆ 11 ಪ್ರಶ್ನೆ, ಕೈ ಬಳಸುವ ಬಗ್ಗೆ 8. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ, 5 ಅಂದರೆ ಅತಿ ಕೆಟ್ಟದ್ದು. ಅಷ್ಟೆಲ್ಲಾ ಬೇಡ ಅನ್ನಿಸಿದರೆ ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಹಗಲು ಜೋಮು ಎಷ್ಟು ಹೊತ್ತು ಇತ್ತು, ಗುಂಡಿ ಹಾಕಲು ಆಯಿತಾ ಅಂತ ಮೂರು ಸಾಲು ಬರೆದಿಡಿ. ಯಾವ ಚಿಕಿತ್ಸೆ ಫಲ ಕೊಟ್ಟಿತು ಅಂತ ಆಮೇಲೆ ನೆನಪಿನಿಂದ ಹೇಳುವುದು ಕಷ್ಟ.

ಹಂತ 5: ರಾತ್ರಿ ಸ್ಪ್ಲಿಂಟ್, ಆದರೆ ನೇರವಾದದ್ದು

ಸ್ನಾಯು ಸೊರಗಿಲ್ಲ, ಜೋಮು ಬಂದು ಹೋಗುತ್ತಿದೆ ಅಂದರೆ ಮೊದಲ ಚಿಕಿತ್ಸೆ ಇದೇ. ಉದ್ದೇಶ ಒಂದೇ, ಮಲಗಿದಾಗ ಮಣಿಕಟ್ಟು ಮಡಚದಂತೆ ತಡೆದು ಒತ್ತಡ ಏರದಂತೆ ಮಾಡುವುದು.

ಇಲ್ಲಿ ಬಹಳ ಜನ ಎಡವುತ್ತಾರೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಸ್ಪ್ಲಿಂಟ್‌ಗಳ ಒಳಗಿನ ಲೋಹದ ಪಟ್ಟಿ ಹಿಂದಕ್ಕೆ ಬಾಗಿರುತ್ತದೆ. ಹಾಕಿಕೊಂಡರೆ ಕೈ ಸ್ವಲ್ಪ ಹಿಂದಕ್ಕೆ ಬಗ್ಗಿ ನಿಲ್ಲುತ್ತದೆ. ಹಿಂದಕ್ಕೆ ಬಗ್ಗಿದಾಗ ಒತ್ತಡ ಏರುತ್ತದೆ ಅಂತ ಮೇಲೆ ನೋಡಿದೆವು. 1994ರ ಒಂದು ಪ್ರಯೋಗದಲ್ಲಿ 20 ಡಿಗ್ರಿ ಹಿಂದಕ್ಕೆ ಬಗ್ಗಿದ ಸ್ಪ್ಲಿಂಟ್‌ಗಿಂತ ನೇರ ಸ್ಪ್ಲಿಂಟ್‌ನಿಂದಲೇ ಹೆಚ್ಚು ಆರಾಮ ಸಿಕ್ಕಿತು. ಆ ಪಟ್ಟಿಯನ್ನು ಹೊರಗೆಳೆದು ಮೇಜಿನ ಅಂಚಿಗೆ ಒತ್ತಿ ನೇರ ಮಾಡಿ, ಮತ್ತೆ ಒಳಗೆ ಸೇರಿಸಿ. ಹಾಕಿಕೊಂಡು ಪಕ್ಕದಿಂದ ನೋಡಿ: ಮುಂಗೈ, ಮಣಿಕಟ್ಟು, ಅಂಗೈ ಒಂದೇ ಸಾಲಿನಲ್ಲಿರಬೇಕು. ಬೆರಳು ಮಡಚಲು ಬರಬೇಕು. ಪಟ್ಟಿ ಬಿಗಿದು ಬೆಳಗ್ಗೆ ಚರ್ಮದ ಮೇಲೆ ಆಳವಾದ ಗುರುತು ಬಿದ್ದಿದ್ದರೆ ಸಡಿಲ ಮಾಡಿ, ಹೊರಗಿನಿಂದ ಒತ್ತುವುದೂ ಒತ್ತಡವೇ.

ಪ್ರತಿ ರಾತ್ರಿ, ಕನಿಷ್ಠ 6 ವಾರ. ಎರಡು ರಾತ್ರಿ ಹಾಕಿ, ಸೆಖೆ ಅಂತ ಎಸೆದು, ಪ್ರಯೋಜನವಿಲ್ಲ ಅನ್ನುವುದು ಪ್ರಯತ್ನ ಆಗುವುದಿಲ್ಲ. 6 ವಾರದ ನಂತರ ನಿಮ್ಮ ಲೆಕ್ಕ ತೆಗೆದು ನೋಡಿ. ಇಳಿಯುತ್ತಿದ್ದರೆ ಮುಂದುವರಿಸಿ. ಹಾಗೇ ಇದ್ದರೆ ಅಥವಾ ಏರಿದ್ದರೆ ಮುಂದಿನ ಹಂತ.

ಹಂತ 6: ಇಂಜೆಕ್ಷನ್‌ನಿಂದ ಏನು ನಿರೀಕ್ಷಿಸಬಹುದು

ಸುರಂಗದ ಬಳಿ ಸ್ಟಿರಾಯ್ಡ್ ಇಂಜೆಕ್ಷನ್ ಕೊಡುವುದು ಹಳೆಯ ಪದ್ಧತಿ. ಬೇಗ ಆರಾಮ ಕೊಡುತ್ತದೆ ಅನ್ನುವುದರಲ್ಲಿ ಅನುಮಾನವಿಲ್ಲ. 1999ರ ಡಚ್ ಪ್ರಯೋಗದಲ್ಲಿ ಒಂದು ತಿಂಗಳಿಗೆ ಸ್ಟಿರಾಯ್ಡ್ ಪಡೆದವರಲ್ಲಿ ಶೇಕಡಾ 77 ಜನ ಸುಧಾರಿಸಿದ್ದರು, ಉಳಿದ ಗುಂಪಿನಲ್ಲಿ ಶೇಕಡಾ 20. ಪ್ರಶ್ನೆ ಇರುವುದು ಅದು ಎಷ್ಟು ದಿನ ಉಳಿಯುತ್ತದೆ ಅನ್ನುವುದರಲ್ಲಿ.

ಅದಕ್ಕೆ 2013ರ ಸ್ವೀಡನ್ ಪ್ರಯೋಗ ಒಳ್ಳೆಯ ಉತ್ತರ ಕೊಡುತ್ತದೆ. ಸ್ಪ್ಲಿಂಟ್‌ನಿಂದ ಗುಣವಾಗದ 111 ಜನರಿಗೆ 80 ಮಿಲಿಗ್ರಾಂ, 40 ಮಿಲಿಗ್ರಾಂ ಅಥವಾ ಔಷಧಿಯೇ ಇಲ್ಲದ ಇಂಜೆಕ್ಷನ್ ಕೊಟ್ಟರು. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿರಲಿಲ್ಲ. 10 ವಾರಕ್ಕೆ ಸ್ಟಿರಾಯ್ಡ್ ಗುಂಪುಗಳು ಮುಂದಿದ್ದವು. ಒಂದು ವರ್ಷ ಕಳೆಯುವಷ್ಟರಲ್ಲಿ ಆಪರೇಷನ್ ಮಾಡಿಸಿಕೊಂಡವರು ಕ್ರಮವಾಗಿ ಶೇಕಡಾ 73, 81, 92. ಅಂದರೆ ಇಂಜೆಕ್ಷನ್ ಕೆಲವರನ್ನು ಆಪರೇಷನ್‌ನಿಂದ ಉಳಿಸುತ್ತದೆ, ಹೆಚ್ಚಿನವರಿಗೆ ಅದನ್ನು ಮುಂದೂಡುತ್ತದೆ. 2018ರ ಬ್ರಿಟಿಷ್ ಪ್ರಯೋಗ 234 ಜನರಲ್ಲಿ ಇಂಜೆಕ್ಷನ್ ಮತ್ತು ರಾತ್ರಿ ಸ್ಪ್ಲಿಂಟ್ ಹೋಲಿಸಿತು. 6 ವಾರಕ್ಕೆ ಇಂಜೆಕ್ಷನ್ ಮೇಲು, 6 ತಿಂಗಳಿಗೆ ಎರಡೂ ಒಂದೇ.

ನನ್ನ ಅಭಿಪ್ರಾಯ ಹೀಗಿದೆ. ನಿದ್ದೆಯೇ ಇಲ್ಲದಷ್ಟು ಕಾಟ ಇದ್ದರೆ, ಗರ್ಭಿಣಿಯಾಗಿದ್ದರೆ, ಆಪರೇಷನ್‌ಗೆ ಈಗ ಸಮಯ ಕೂಡಿಬರುತ್ತಿಲ್ಲ ಅಂದರೆ ಒಂದು ಇಂಜೆಕ್ಷನ್ ಕೇಳುವುದು ಸರಿಯಾದ ನಿರ್ಧಾರ. ಅದು ಕೆಲಸ ಮಾಡಿದರೆ ರೋಗ ಗುರುತಿಸಿದ್ದು ಸರಿ ಅನ್ನುವುದಕ್ಕೂ ಒಂದು ಸಾಕ್ಷಿ. ಜೋಮು ಮರಳಿದಾಗಲೆಲ್ಲಾ ಮತ್ತೊಂದು, ಇನ್ನೊಂದು ಅಂತ ವರ್ಷಗಟ್ಟಲೆ ಎಳೆಯುವುದು ಮಾತ್ರ ಬೇಡ. ನೋವು ಮುಚ್ಚಿಹೋಗಿ, ಒಳಗೆ ನರ ಸೊರಗುತ್ತಾ ಹೋಗುವ ಅಪಾಯ ಇದೆ. ಸಕ್ಕರೆ ಕಾಯಿಲೆ ಇರುವವರು ಇಂಜೆಕ್ಷನ್ ನಂತರ ಕೆಲವು ದಿನ ಸಕ್ಕರೆ ಏರುತ್ತದೆ ಅಂತ ತಿಳಿದು ಪರೀಕ್ಷಿಸಿಕೊಳ್ಳುತ್ತಿರಬೇಕು.

ಹಂತ 7: ಯಾವುದಕ್ಕೆ ಹಣ ಹಾಕಬಾರದು, ಹೊಸ ಚಿಕಿತ್ಸೆಯನ್ನು ಹೇಗೆ ತೂಗುವುದು

ವಿಟಮಿನ್ ಬಿ6 ಮಾತ್ರೆ ದಶಕಗಳಿಂದ ಚಾಲ್ತಿಯಲ್ಲಿದೆ. ಪ್ರಯೋಗಗಳಲ್ಲಿ ಲಾಭ ಕಂಡಿಲ್ಲ. ಹೆಚ್ಚು ಪ್ರಮಾಣದಲ್ಲಿ ಬಹಳ ದಿನ ತೆಗೆದುಕೊಂಡರೆ ಬಿ6 ತಾನೇ ನರಕ್ಕೆ ಹಾನಿ ಮಾಡಿ ಜೋಮು ತರುತ್ತದೆ. ಜೋಮಿಗೆ ಅಂತ ನುಂಗಿ ಜೋಮು ತರಿಸಿಕೊಳ್ಳುವುದು ನಿಜಕ್ಕೂ ಸಂಕಟದ ವಿಷಯ. 1998ರಲ್ಲಿ ತೈವಾನ್‌ನಲ್ಲಿ ನೋವಿನ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ, ಸ್ಟಿರಾಯ್ಡ್ ಮಾತ್ರೆ ಮತ್ತು ಹುಸಿ ಮಾತ್ರೆ ನಾಲ್ಕನ್ನೂ ಹೋಲಿಸಿದರು. ಸ್ಟಿರಾಯ್ಡ್ ಬಿಟ್ಟರೆ ಉಳಿದವು ಹುಸಿ ಮಾತ್ರೆಗಿಂತ ಮೇಲಾಗಲಿಲ್ಲ. ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ ಕೂಡ ಪ್ರಯೋಗದಲ್ಲಿ ಗೆದ್ದಿಲ್ಲ.

ಲೇಸರ್, ರಕ್ತದ ಪ್ಲಾಸ್ಮಾ ಇಂಜೆಕ್ಷನ್, ನರದ ಸುತ್ತ ಸಕ್ಕರೆ ದ್ರಾವಣದ, ಅಂದರೆ 5 ಶೇಕಡಾ ಡೆಕ್ಸ್‌ಟ್ರೋಸ್ ಇಂಜೆಕ್ಷನ್ ಇವೆಲ್ಲದರ ಮೇಲೆ ಅಧ್ಯಯನ ನಡೆಯುತ್ತಲೇ ಇದೆ. ಡೆಕ್ಸ್‌ಟ್ರೋಸ್ ವಿಷಯದಲ್ಲಿ ಆಶಾದಾಯಕ ಫಲಿತಾಂಶ ಬಂದಿವೆ, ಆದರೆ ಗುಂಪುಗಳು ಚಿಕ್ಕವು. ಇಂಥದ್ದನ್ನು ಯಾರಾದರೂ ಹೇಳಿದಾಗ ನಾಲ್ಕು ವಿಷಯ ಕೇಳಿ. ಯಾವುದರ ಜೊತೆ ಹೋಲಿಸಿದರು? ಎಷ್ಟು ಜನ? ಎಷ್ಟು ತಿಂಗಳು ನೋಡಿದರು? ಯಾರಿಗೆ ಯಾವುದು ಅಂತ ರೋಗಿಗೆ ಗೊತ್ತಿತ್ತಾ? ಈ ಕಾಯಿಲೆ ಏನೂ ಮಾಡದೆಯೂ ಕೆಲವರಲ್ಲಿ ತಾನಾಗಿ ಇಳಿಯುತ್ತದೆ, ಅದರಲ್ಲೂ ಚಿಕ್ಕ ವಯಸ್ಸಿನವರಲ್ಲಿ, ಶುರುವಾಗಿ ಸ್ವಲ್ಪ ದಿನವಾದವರಲ್ಲಿ. ಹೋಲಿಕೆಯ ಗುಂಪೇ ಇಲ್ಲದ ಅಧ್ಯಯನದಲ್ಲಿ ಏನು ಕೊಟ್ಟರೂ ಗುಣವಾದಂತೆ ಕಾಣುತ್ತದೆ.

ಹಂತ 8: ಆಪರೇಷನ್ ಯಾವಾಗ, ಆಮೇಲೆ ಏನು

ಆಪರೇಷನ್ ಅಂದರೆ ಆ ದಪ್ಪ ಕಟ್ಟನ್ನು ಉದ್ದಕ್ಕೆ ಕತ್ತರಿಸಿ ಸುರಂಗಕ್ಕೆ ಜಾಗ ಮಾಡಿಕೊಡುವುದು. ಹೆಚ್ಚಾಗಿ ಕೈಗಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ, ಅದೇ ದಿನ ಮನೆಗೆ ಹೋಗಬಹುದು.

ನೆದರ್‌ಲ್ಯಾಂಡ್ಸ್‌ನ 2002ರ ಪ್ರಯೋಗದಲ್ಲಿ 176 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 18 ತಿಂಗಳಿಗೆ ಆಪರೇಷನ್ ಗುಂಪಿನಲ್ಲಿ ಶೇಕಡಾ 90, ಸ್ಪ್ಲಿಂಟ್ ಗುಂಪಿನಲ್ಲಿ ಶೇಕಡಾ 75 ಜನ ಸುಧಾರಿಸಿದ್ದರು. ಆ ಸ್ಪ್ಲಿಂಟ್ ಗುಂಪಿನಲ್ಲೂ ಶೇಕಡಾ 41 ಜನ ಅಷ್ಟರಲ್ಲಿ ಆಪರೇಷನ್ ಮಾಡಿಸಿಕೊಂಡಿದ್ದರು ಅನ್ನುವುದನ್ನು ಸೇರಿಸಿಕೊಂಡು ಓದಬೇಕು. 2025ರಲ್ಲಿ ಅದೇ ದೇಶದಿಂದ 934 ಜನರ ಇನ್ನೂ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಆಪರೇಷನ್‌ನಿಂದ ಶುರು ಮಾಡಿದವರಲ್ಲಿ ಶೇಕಡಾ 61, ಇಂಜೆಕ್ಷನ್‌ನಿಂದ ಶುರು ಮಾಡಿದವರಲ್ಲಿ ಶೇಕಡಾ 45 ಜನ 18 ತಿಂಗಳಿಗೆ ಗುಣವಾಗಿದ್ದರು. ಆಪರೇಷನ್ ಮೇಲು ಅನ್ನುವುದು ಇಲ್ಲಿ ಸ್ಪಷ್ಟ. ಅದು ಎಲ್ಲರನ್ನೂ ಪೂರ್ತಿ ಗುಣಪಡಿಸುವುದಿಲ್ಲ ಅನ್ನುವುದೂ ಅಷ್ಟೇ ಸ್ಪಷ್ಟ.

ಅಂಗೈ ಸೀಳಿ ಮಾಡುವುದಾ, ಸಣ್ಣ ರಂಧ್ರದಿಂದ ಕ್ಯಾಮೆರಾ ಕೊಳವೆ ಹಾಕಿ ಮಾಡುವ ಎಂಡೋಸ್ಕೋಪಿಯಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ದೀರ್ಘಕಾಲದ ಫಲಿತಾಂಶ ಎರಡರಲ್ಲೂ ಒಂದೇ ಥರ. ಎಂಡೋಸ್ಕೋಪಿಯಲ್ಲಿ ಕೆಲಸಕ್ಕೆ ಸ್ವಲ್ಪ ಬೇಗ ಮರಳಬಹುದು. ನಿಮ್ಮ ಸರ್ಜನ್‌ಗೆ ಯಾವುದರಲ್ಲಿ ಕೈ ಪಳಗಿದೆಯೋ ಅದೇ ನಿಮಗೆ ಒಳ್ಳೆಯದು.

ಆಮೇಲಿನ ಚೇತರಿಕೆ ಒಂದೇ ವೇಗದಲ್ಲಿ ಆಗುವುದಿಲ್ಲ. ರಾತ್ರಿಯ ಕಾಟ ಎಲ್ಲಕ್ಕಿಂತ ಬೇಗ, ಎಷ್ಟೋ ಜನರಿಗೆ ಮೊದಲ ಕೆಲವು ದಿನಗಳಲ್ಲೇ ಹೋಗುತ್ತದೆ. ಬೆರಳ ತುದಿಯ ಮಂದತನಕ್ಕೆ ವಾರಗಳು, ತಿಂಗಳುಗಳು ಬೇಕು. ಒಳಗಿನ ನರತಂತುಗಳೇ ಸತ್ತಿದ್ದರೆ ಅವು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಹಿಡಿತದ ಬಲ ಮೊದಲು ಇಳಿದು, ಸುಮಾರು 3 ತಿಂಗಳ ಹೊತ್ತಿಗೆ ಹಿಂದಿನ ಮಟ್ಟಕ್ಕೆ ಬರುತ್ತದೆ. ಅಂಗೈಯ ಬುಡದಲ್ಲಿ ಗಾಯದ ಎರಡೂ ಪಕ್ಕ, ಕೈ ಊರಿ ಏಳುವಾಗ ನೋವಾಗುತ್ತದೆ. ಇದನ್ನು ಮೊದಲೇ ಯಾರೂ ಹೇಳದಿದ್ದರೆ ಆಪರೇಷನ್ ಕೆಟ್ಟಿತು ಅಂತ ಜನ ಹೆದರುತ್ತಾರೆ. ಅದು ಸಾಮಾನ್ಯ, ಕೆಲವು ತಿಂಗಳಲ್ಲಿ ಇಳಿಯುತ್ತದೆ. ಮೊದಲ ದಿನದಿಂದಲೇ ಬೆರಳು ಪೂರ್ತಿ ಮಡಚಿ ಬಿಡಿಸುತ್ತಿರಿ, ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲಿಟ್ಟುಕೊಳ್ಳಿ. ಮಣಿಕಟ್ಟನ್ನು ವಾರಗಟ್ಟಲೆ ಕಟ್ಟಿಡುವುದರಿಂದ ಲಾಭ ಇಲ್ಲ ಅಂತ ಪ್ರಯೋಗಗಳು ತೋರಿಸಿವೆ. ಗಾಯ ಕೆಂಪಾಗಿ, ಬಿಸಿಯಾಗಿ, ಕೀವು ಬಂದರೆ ತಕ್ಷಣ ತೋರಿಸಿ.

ಹೆಬ್ಬೆರಳ ದಿಂಬು ಪೂರ್ತಿ ಇಳಿದುಹೋದ ಮೇಲೆ ಮಾಡಿಸಿಕೊಂಡ ಆಪರೇಷನ್ ನೋವು, ಜೋಮು ಕಡಿಮೆ ಮಾಡಬಹುದು, ಸ್ನಾಯುವನ್ನು ಮರಳಿ ತರುವ ಭರವಸೆ ಕೊಡಲಾಗದು. ಆಗಲೂ ಆಪರೇಷನ್ ವ್ಯರ್ಥ ಅಲ್ಲ. ಬೆರಳ ಸ್ಪರ್ಶ ಸ್ವಲ್ಪ ಮರಳಿದರೂ ಬಿಸಿ ಪಾತ್ರೆ, ಸೂಜಿ ಗೊತ್ತಾಗುತ್ತದೆ.

ಆಪರೇಷನ್ ಆದ ಮೇಲೂ ರಾತ್ರಿಯ ಜೋಮು ಮೊದಲಿನಷ್ಟೇ ಇದ್ದರೆ ಎರಡು ಸಾಧ್ಯತೆ ಮೊದಲು ಕೇಳಿ: ಕಟ್ಟು ಪೂರ್ತಿ ಕತ್ತರಿಸಿಲ್ಲವೇ? ಅಥವಾ ಮೊದಲಿನಿಂದಲೇ ತೊಂದರೆ ಕತ್ತಿನಲ್ಲೋ ಬೇರೆಡೆಯಲ್ಲೋ ಇತ್ತೇ? ಚೆನ್ನಾಗಿದ್ದು ಎಷ್ಟೋ ತಿಂಗಳ ನಂತರ ಮರಳಿದರೆ ಗಾಯದ ಕಲೆ ನರಕ್ಕೆ ಅಂಟಿಕೊಂಡಿರಬಹುದು, ಸಕ್ಕರೆ ಅಥವಾ ಥೈರಾಯ್ಡ್ ಹತೋಟಿ ತಪ್ಪಿರಬಹುದು. ಎರಡೂ ಸಂದರ್ಭದಲ್ಲಿ ಹೊಸದಾಗಿ ಕೈಚಿತ್ರ ಬರೆದು, ಹಳೆಯ ಮತ್ತು ಹೊಸ ನರ್ವ್ ಟೆಸ್ಟ್ ರಿಪೋರ್ಟ್‌ಗಳನ್ನು ಒಟ್ಟಿಗೆ ಇಟ್ಟುಕೊಂಡು ಹೋಗಿ. ಎರಡನೇ ಆಪರೇಷನ್ ಮೊದಲನೆಯದಕ್ಕಿಂತ ಕಷ್ಟ, ಫಲವೂ ಕಡಿಮೆ. ಒಪ್ಪುವ ಮುಂಚೆ ಇನ್ನೊಬ್ಬ ಕೈಯ ಸರ್ಜನ್ ಅಭಿಪ್ರಾಯ ತೆಗೆದುಕೊಳ್ಳಿ.